ಹ್ಯಾವ್, ಓನ್, ಬಿಲಾಂಗ್, ಆಫ್: ಇಂಗ್ಲಿಷಿನಲ್ಲಿ ‘ನನ್ನದು’ ಎನ್ನಲು ಯಾವುದನ್ನು ಆರಿಸಬೇಕು?

‘ನನಗೆ ಇಬ್ಬರು ಅಕ್ಕಂದಿರಿದ್ದಾರೆ.’ ‘ನನ್ನ ಹತ್ತಿರ ಐನೂರು ರೂಪಾಯಿ ಇದೆ.’ ‘ಅವನಲ್ಲಿ ತಾಳ್ಮೆ ಇದೆ.’ ‘ಈ ಮನೆಗೆ ಮೂರು ಬಾಗಿಲು.’ ‘ಆ ತೋಟ ನಮ್ಮದು.’ ಈ ಐದು ವಾಕ್ಯಗಳಲ್ಲೂ ಯಾರಿಗೋ ಏನೋ ಸೇರಿದೆ. ಆದರೂ ಕನ್ನಡಕ್ಕೆ ‘ಹೊಂದು’ ಎಂಬ ಕ್ರಿಯಾಪದ ಎಲ್ಲಿಯೂ ಬೇಕಾಗಲಿಲ್ಲ. ನಂಟಿಗೆ ‘ಗೆ’, ಕೈಗೆ ಸಿಗುವ ವಸ್ತುವಿಗೆ ‘ಹತ್ತಿರ’, ಗುಣಕ್ಕೆ ‘ಅಲ್ಲಿ’, ಹಕ್ಕಿಗೆ ‘ನಮ್ಮದು’ ಎಂದು ನಾವು ಮಾತಿನ ನಡುವೆ ಯೋಚಿಸದೆಯೇ ವಿಂಗಡಿಸುತ್ತೇವೆ. ಇಂಗ್ಲಿಷ್ ಮೊದಲ ನಾಲ್ಕನ್ನೂ ‘ಹ್ಯಾವ್’ ಎಂಬ ಒಂದೇ ಗೋಣಿಚೀಲಕ್ಕೆ ತುಂಬುತ್ತದೆ. ಐದನೆಯದನ್ನು ಮಾತ್ರ ಹೊರಗಿಟ್ಟು ‘ದಟ್ ಗಾರ್ಡನ್ ಈಸ್ ಅವರ್ಸ್’ ಎನ್ನುತ್ತದೆ.

ಅರ್ಜಿ, ಪತ್ರ, ಅನುವಾದಗಳನ್ನು ತಿದ್ದುವ ಕೆಲಸದಲ್ಲಿ ನಾನು ಕಂಡ ಮಟ್ಟಿಗೆ, ನಮ್ಮವರು ಎಡವುವುದು ಪದಗಳು ಗೊತ್ತಿಲ್ಲದ್ದರಿಂದ ಅಲ್ಲ. ‘ಹ್ಯಾವ್’, ‘ಓನ್’, ‘ಪೊಸೆಸ್’, ‘ಬಿಲಾಂಗ್’ ಎಲ್ಲವೂ ಎಲ್ಲರಿಗೂ ಗೊತ್ತು. ಯಾವ ಸಂಬಂಧಕ್ಕೆ ಯಾವುದು ಎಂಬುದನ್ನು ಶಾಲೆಯಲ್ಲಿ ಯಾರೂ ಕುಳಿತು ಹೇಳಿಕೊಡುವುದಿಲ್ಲ. ಕನ್ನಡದ ವಾಕ್ಯದಲ್ಲಿ ನೀವು ಬಳಸಿದ ಪ್ರತ್ಯಯವನ್ನೇ ಗಮನಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

‘ನನಗೆ’ ಮತ್ತು ‘ನನ್ನ ಹತ್ತಿರ’

‘ಗೆ’ ಬಂದ ಕಡೆ ಸಾಮಾನ್ಯವಾಗಿ ಬರಿಯ ‘ಹ್ಯಾವ್’ ಸಾಕು. ನನಗೆ ತಲೆನೋವು, ನನಗೆ ಸಮಯವಿಲ್ಲ, ನಮಗೆ ಎರಡು ಎಕರೆ ಜಮೀನಿದೆ ಎಂಬ ಎಲ್ಲಕ್ಕೂ ‘ಐ ಹ್ಯಾವ್’ ಅಥವಾ ‘ವಿ ಹ್ಯಾವ್’ ನಡೆಯುತ್ತದೆ. ಇಲ್ಲಿ ಕರ್ತೃ ಯಾರು ಎಂಬುದೊಂದನ್ನು ಬದಲಿಸಿಕೊಳ್ಳಬೇಕು. ಕನ್ನಡದಲ್ಲಿ ಇರುವುದು ತಲೆನೋವು, ಇಂಗ್ಲಿಷಿನಲ್ಲಿ ಇಟ್ಟುಕೊಂಡವನು ನಾನು. ‘ಟು ಮಿ ಟೂ ಸಿಸ್ಟರ್ಸ್ ಆರ್ ದೇರ್’ ಎಂಬ ವಾಕ್ಯ ಹುಟ್ಟುವುದು ಈ ಅದಲುಬದಲು ಆಗದಿದ್ದಾಗ.

‘ಹತ್ತಿರ’ ಬಂದ ಕಡೆ ಸ್ವಲ್ಪ ನಿಲ್ಲಬೇಕು. ‘ನನ್ನ ಹತ್ತಿರ ಗುರುತಿನ ಚೀಟಿ ಇಲ್ಲ’ ಎಂದು ರೈಲಿನಲ್ಲಿ ಟಿಕೆಟ್ ಪರೀಕ್ಷಕರಿಗೆ ಹೇಳಿದರೆ, ಚೀಟಿ ಮನೆಯಲ್ಲಿ ಉಳಿದಿದೆ ಎಂದೂ ಆಗಬಹುದು, ಇನ್ನೂ ಮಾಡಿಸಿಯೇ ಇಲ್ಲ ಎಂದೂ ಆಗಬಹುದು. ಕನ್ನಡದಲ್ಲಿ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಇವೆರಡಕ್ಕೆ ಎರಡು ವಾಕ್ಯ. ‘ಐ ಡೋಂಟ್ ಹ್ಯಾವ್ ಆ್ಯನ್ ಐಡಿ’ ಎಂದರೆ ಇಲ್ಲವೇ ಇಲ್ಲ. ‘ಐ ಡೋಂಟ್ ಹ್ಯಾವ್ ಮೈ ಐಡಿ ವಿತ್ ಮಿ’ ಎಂದರೆ ಇದೆ, ಈಗ ಕೈಯಲ್ಲಿಲ್ಲ. ಹಣ, ಪೆನ್ನು, ಬೀಗದ ಕೈಯಂಥ ಜೇಬಿನ ವಸ್ತುಗಳಿಗೆ ‘ವಿತ್ ಮಿ’ಯ ಜಾಗದಲ್ಲಿ ‘ಆನ್ ಮಿ’ ಕೂಡ ಬರುತ್ತದೆ. ‘ನಿಯರ್ ಮಿ’ ಮಾತ್ರ ಬೇಡ. ಅದರಲ್ಲಿ ಪಕ್ಕದಲ್ಲೆಲ್ಲೋ ಬಿದ್ದಿದೆ ಎಂಬ ಅರ್ಥವಷ್ಟೇ ಇದೆ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. ‘ಹ್ಯಾವ್’ಗೂ ಮಾಲೀಕತ್ವಕ್ಕೂ ಕಟ್ಟುನಿಟ್ಟಿನ ನಂಟಿಲ್ಲ. ‘ಐ ಹ್ಯಾವ್ ಎ ಬುಕ್’ ಎಂದರೆ ಪುಸ್ತಕ ಬಹುಶಃ ನನ್ನದು. ‘ಐ ಹ್ಯಾವ್ ಯುವರ್ ಬುಕ್’ ಎಂದರೆ ಪುಸ್ತಕ ನಿಮ್ಮದು, ಸದ್ಯಕ್ಕೆ ನನ್ನ ಹತ್ತಿರ ಇದೆ ಅಷ್ಟೇ. ಯಾವುದೋ ಒಂದು ವಸ್ತು ಇದೆ ಎನ್ನುವಾಗ ‘ಹ್ಯಾವ್’. ಕಣ್ಣೆದುರಿನ ಇಂಥದ್ದೇ ವಸ್ತು ಯಾರ ಪಾಲಿನದು ಎನ್ನುವಾಗ ‘ಮೈನ್’, ‘ಯುವರ್ಸ್’ ಅಥವಾ ‘ಬಿಲಾಂಗ್ಸ್ ಟು’. ಬಸ್ಸಿನಲ್ಲಿ ಸೀಟಿನ ಮೇಲಿನ ಚೀಲ ಯಾರದು ಎಂದು ಕೇಳಲು ‘ಹೂ ಹ್ಯಾಸ್ ದಿಸ್ ಬ್ಯಾಗ್?’ ಎನ್ನುವಂತಿಲ್ಲ, ‘ಹೂಸ್ ಬ್ಯಾಗ್ ಈಸ್ ದಿಸ್?’ ಎನ್ನಬೇಕು.

ನಿರ್ಜೀವ ವಸ್ತುವೂ ‘ಹ್ಯಾವ್’ನ ಕರ್ತೃವಾಗುತ್ತದೆ, ಒಂದು ಷರತ್ತಿನ ಮೇಲೆ. ಹೇಳುತ್ತಿರುವುದು ಅದರ ಭಾಗವಾಗಿರಬೇಕು. ‘ದ ಟೇಬಲ್ ಹ್ಯಾಸ್ ಫೋರ್ ಲೆಗ್ಸ್’ ಸರಿ. ‘ದ ಟೇಬಲ್ ಹ್ಯಾಸ್ ಎ ಬುಕ್’ ಕಿವಿಗೆ ಒಗ್ಗುವುದಿಲ್ಲ, ಪುಸ್ತಕ ಮೇಜಿನ ಅಂಗವಲ್ಲ. ಕೊನೆಗೆ ‘ಆನ್ ಇಟ್’ ಸೇರಿಸಿದರೆ ಸರಿಹೋಗುತ್ತದೆ. ಇಲ್ಲವೇ ‘ದೇರ್ ಈಸ್ ಎ ಬುಕ್ ಆನ್ ದ ಟೇಬಲ್’ ಎಂದು ದಾರಿ ಬದಲಿಸಿ. ಅಂಗಡಿಯಲ್ಲಿ ಇದರ ತಿರುವುಮುರುವು. ನಾವು ‘ಸಕ್ಕರೆ ಇದೆಯೇ?’ ಎಂದು ಸಕ್ಕರೆಯ ಬಗ್ಗೆ ಕೇಳುತ್ತೇವೆ. ಇಂಗ್ಲಿಷಿನವರು ‘ಡು ಯು ಹ್ಯಾವ್ ಶುಗರ್?’ ಎಂದು ಅಂಗಡಿಯವರ ಬಗ್ಗೆ ಕೇಳುತ್ತಾರೆ.

ಈ ‘ಹ್ಯಾವ್’ ನಮ್ಮ ಕನ್ನಡವನ್ನೂ ಕೆಡಿಸಿದೆ. ‘ಮೃತರು ಮೂವರು ಮಕ್ಕಳನ್ನು ಹೊಂದಿದ್ದಾರೆ’ ಎಂದು ಸುದ್ದಿಯಲ್ಲಿ ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ‘ಮೃತರಿಗೆ ಮೂವರು ಮಕ್ಕಳಿದ್ದಾರೆ’ ಎಂದು ಬರೆಯಲು ಏನು ಕಷ್ಟವೋ!

‘ಐ ಹ್ಯಾವ್’ ಮತ್ತು ‘ಐ ಆಮ್ ಹ್ಯಾವಿಂಗ್’

‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಎಂಬುದು ಭಾರತೀಯ ಇಂಗ್ಲಿಷಿನ ಗುರುತಿನ ಚೀಟಿಯಂತೆಯೇ ಆಗಿಹೋಗಿದೆ. ನಮ್ಮೊಳಗೆ ಇದು ಅರ್ಥವಾಗುತ್ತದೆ, ಸಂದೇಹವಿಲ್ಲ. ಆದರೆ ಹೊರಗಿನವರು ಓದುವ ಅರ್ಜಿಯಲ್ಲಿ ಇದನ್ನು ಉಳಿಸಬಾರದು. ಒಡೆತನ, ನಂಟು, ಗುಣ, ಕಾಯಿಲೆ ಇವೆಲ್ಲ ಸ್ಥಿತಿಗಳು, ನಡೆಯುತ್ತಿರುವ ಕೆಲಸಗಳಲ್ಲ. ಆದ್ದರಿಂದ ‘ಐ ಹ್ಯಾವ್ ಎ ಫೀವರ್’, ‘ಶಿ ಹ್ಯಾಸ್ ಎ ಕಾರ್’.

‘ಹ್ಯಾವಿಂಗ್’ ಸರಿಯಾಗುವುದು ‘ಹ್ಯಾವ್’ ಒಡೆತನ ಬಿಟ್ಟು ಬೇರೆ ಕೆಲಸಕ್ಕೆ ಇಳಿದಾಗ. ಊಟ ಮಾಡುತ್ತಿದ್ದರೆ ‘ಹ್ಯಾವಿಂಗ್ ಲಂಚ್’, ಸಭೆ ನಡೆಯುತ್ತಿದ್ದರೆ ‘ಹ್ಯಾವಿಂಗ್ ಎ ಮೀಟಿಂಗ್’, ತೊಂದರೆ ಎದುರಾಗಿದ್ದರೆ ‘ಹ್ಯಾವಿಂಗ್ ಟ್ರಬಲ್’. ಗಮನಿಸಿ: ‘ಶಿ ಹ್ಯಾಸ್ ಎ ಬೇಬಿ’ ಎಂದರೆ ಆಕೆಗೆ ಮಗುವಿದೆ. ‘ಶಿ ಈಸ್ ಹ್ಯಾವಿಂಗ್ ಎ ಬೇಬಿ’ ಎಂದರೆ ಆಕೆ ಬಸುರಿ, ಇಲ್ಲವೇ ಹೆರಿಗೆ ನಡೆಯುತ್ತಿದೆ. ಇವೆರಡನ್ನು ಅದಲುಬದಲು ಮಾಡಿ ಬರೆದರೆ ಓದಿದವರು ಅಭಿನಂದನೆ ಹೇಳಲು ಫೋನ್ ಮಾಡಿಯಾರು.

‘ಹ್ಯಾವ್’ ಅಥವಾ ‘ಹ್ಯಾವ್ ಗಾಟ್’

ಅರ್ಥದಲ್ಲಿ ವ್ಯತ್ಯಾಸವಿಲ್ಲ, ಜಾಗದಲ್ಲಿ ಇದೆ. ‘ಹ್ಯಾವ್ ಗಾಟ್’ ಬ್ರಿಟನ್ನಿನ ಮಾತುಕತೆಯಲ್ಲಿ ಹೆಚ್ಚು, ಅಮೆರಿಕದಲ್ಲಿ ‘ಡು ಯು ಹ್ಯಾವ್’ ಹೆಚ್ಚು. ಬರವಣಿಗೆಗೆ, ಅದರಲ್ಲೂ ಕಚೇರಿ ಪತ್ರಕ್ಕೆ, ‘ಹ್ಯಾವ್’ ಆರಿಸಿ, ಯಾವ ದೇಶದವರೂ ಹುಬ್ಬೇರಿಸುವುದಿಲ್ಲ. ಭೂತಕಾಲದಲ್ಲಿ ‘ಹ್ಯಾಡ್’ ಸಾಕು, ‘ಹ್ಯಾಡ್ ಗಾಟ್’ ಬೇಡ. ‘ಆಗಾಗ ತಲೆನೋವು ಬರುತ್ತದೆ’ ಎಂಬಂಥ ರೂಢಿಯ ಸಂಗತಿಗೂ ‘ಗಾಟ್’ ಸೇರಿಸಬೇಡಿ. ಉತ್ತರ ಪ್ರಶ್ನೆಯ ಜೊತೆ ಹೊಂದಬೇಕು. ‘ಹ್ಯಾವ್ ಯು ಗಾಟ್ ಎ ಪೆನ್?’ ಎಂದರೆ ‘ಯೆಸ್, ಐ ಹ್ಯಾವ್’. ‘ಡು ಯು ಹ್ಯಾವ್ ಎ ಪೆನ್?’ ಎಂದರೆ ‘ಯೆಸ್, ಐ ಡು’. ಅಮೆರಿಕದವರ ‘ಗಾಟನ್’ ಬೇರೆಯೇ. ಅವರ ಬಾಯಲ್ಲಿ ‘ಐ ಹ್ಯಾವ್ ಗಾಟ್ ಎ ಕಾರ್’ ಎಂದರೆ ಕಾರು ಇದೆ, ‘ಐ ಹ್ಯಾವ್ ಗಾಟನ್ ಎ ಕಾರ್’ ಎಂದರೆ ಕಾರು ಕೊಂಡೆ ಅಥವಾ ದೊರಕಿತು.

ಮಾಲೀಕ ಯಾರು, ಸ್ವಾಧೀನ ಯಾರದು

ನಮ್ಮ ಹಳ್ಳಿಯವರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವೇ ಇಲ್ಲ. ಜಮೀನು ಯಾರ ಹೆಸರಿನಲ್ಲಿದೆ ಎಂಬುದು ಒಂದು ಪ್ರಶ್ನೆ, ಅದರ ಕಬ್ಜೆ ಯಾರ ಕೈಯಲ್ಲಿದೆ ಎಂಬುದು ಇನ್ನೊಂದು. ಇಂಗ್ಲಿಷಿನ ‘ಓನ್’ ಮೊದಲನೆಯದು, ‘ಪೊಸೆಸ್’ ಎರಡನೆಯದು. ಬಾಡಿಗೆದಾರ ಮನೆಯನ್ನು ‘ಪೊಸೆಸ್’ ಮಾಡುತ್ತಾನೆ, ‘ಓನ್’ ಮಾಡುವವನು ಮಾಲೀಕ. ಕಾನೂನು ಈ ಅಂತರವನ್ನು ಗಂಭೀರವಾಗಿ ಪರಿಗಣಿಸುತ್ತದೆ. 1963ರ ಕಾಲಮಿತಿ ಕಾಯಿದೆಯ ಪ್ರಕಾರ, ಖಾಸಗಿ ಆಸ್ತಿಯಲ್ಲಿ ಬೇರೊಬ್ಬರ ಪ್ರತಿಕೂಲ ಸ್ವಾಧೀನ (ಮಾಲೀಕನ ಹಕ್ಕಿಗೆ ವಿರುದ್ಧವಾಗಿ ಇಟ್ಟುಕೊಂಡ ಕಬ್ಜೆ) 12 ವರ್ಷ ನಡೆದುಹೋದರೆ, ಮಾಲೀಕ ಅದನ್ನು ಮರಳಿ ಪಡೆಯಲು ದಾವೆ ಹೂಡುವ ಅವಧಿ ಮುಗಿಯುತ್ತದೆ. ಕರಾರು ಪತ್ರ ಅನುವಾದಿಸುವವರು ಈ ಎರಡನ್ನೂ ‘ಹೊಂದಿರುವುದು’ ಎಂದು ಬರೆದರೆ ಪತ್ರಕ್ಕೆ ಬೆಲೆಯೇ ಉಳಿಯುವುದಿಲ್ಲ.

ದಿನನಿತ್ಯದ ಮಾತಿನಲ್ಲಿ ‘ಓನ್’ ದೊಡ್ಡ ಆಸ್ತಿಗೆ: ಮನೆ, ತೋಟ, ಕಾರು, ಅಂಗಡಿ. ಅಕ್ಕತಂಗಿಯರಿಗೆ, ಜ್ವರಕ್ಕೆ, ಸಮಯಕ್ಕೆ ಅದು ಸಲ್ಲದು. ‘ಪೊಸೆಸ್’ ಕಾನೂನಿನ ಹೊರಗೆ ಗುಣ, ಪ್ರತಿಭೆ, ವಿದ್ಯೆಗಳಿಗೆ ಬರುತ್ತದೆ, ತುಸು ಗತ್ತಿನ ಪದ. ಉದ್ಯೋಗದ ಅರ್ಜಿಯಲ್ಲಿ ‘ಐ ಪೊಸೆಸ್ ಎ ಟೂ ವೀಲರ್’ ಎಂದು ಬರೆಯುವವರಿದ್ದಾರೆ. ‘ಐ ಹ್ಯಾವ್’ ಎಂದರೆ ಕೆಲಸ ಕೈ ತಪ್ಪುವುದಿಲ್ಲ. ಪಾಸ್‌ಪೋರ್ಟ್, ಪರವಾನಗಿ, ಪದವಿ, ಬ್ಯಾಂಕ್ ಖಾತೆ, ಷೇರುಗಳಿಗೆ ‘ಹೋಲ್ಡ್’ ಒಪ್ಪುತ್ತದೆ. ಹಸು, ಕೋಳಿ ಸಾಕಿದ್ದರೆ ‘ಕೀಪ್’.

ಪೊಲೀಸ್ ವರದಿಗಳಲ್ಲಿ ಒಂದು ‘ದ’ ಇಡೀ ವಾಕ್ಯವನ್ನು ತಿರುಗಿಸುವುದುಂಟು. ‘ದ ಮ್ಯಾನ್ ವಾಸ್ ಇನ್ ಪೊಸೆಶನ್ ಆಫ್ ದ ಫೋನ್’ ಎಂದರೆ ಫೋನ್ ಆ ಮನುಷ್ಯನ ಬಳಿ ಇತ್ತು. ‘ಇನ್ ದ ಪೊಸೆಶನ್ ಆಫ್’ ಎಂದ ಕೂಡಲೇ ದಿಕ್ಕು ಬದಲಾಗಿ, ಕರ್ತೃವಿನ ಜಾಗದಲ್ಲಿ ವಸ್ತು ಬರಬೇಕು: ‘ದ ಫೋನ್ ವಾಸ್ ಇನ್ ದ ಪೊಸೆಶನ್ ಆಫ್ ದ ಮ್ಯಾನ್’. ಆ ‘ದ’ ತಪ್ಪಿ ಸೇರಿದರೆ ಮನುಷ್ಯನೇ ಫೋನಿನ ವಶದಲ್ಲಿದ್ದಂತೆ. (ಇತ್ತೀಚಿನ ದಿನಗಳಲ್ಲಿ ಅದೂ ಸುಳ್ಳೇನಲ್ಲ.)

‘ಬಿಲಾಂಗ್ ಟು’ ನಮಗೆ ಸುಲಭ, ಏಕೆಂದರೆ ‘ಅವರಿಗೆ ಸೇರಿದ್ದು’ ಎಂಬುದರ ಕಟ್ಟಡವೇ ಅದರದು. ವಸ್ತು ಮುಂದೆ, ಒಡೆಯ ಹಿಂದೆ, ನಡುವೆ ‘ಗೆ’. ಇದಕ್ಕೂ ‘ಬಿಲಾಂಗಿಂಗ್’ ರೂಪ ಕ್ರಿಯೆಯಾಗಿ ಬರುವುದಿಲ್ಲ, ‘ಈಸ್ ಬಿಲಾಂಗಿಂಗ್ ಟು ಮಿ’ ತಪ್ಪು. ‘ಐ ಬಿಲಾಂಗ್ ಟು ಹಾಸನ್’ ಎಂಬುದೂ ನಮ್ಮ ದೇಶದ ರೂಢಿ. ಹೊರಗಿನವರ ಜೊತೆ ‘ಐ ಆಮ್ ಫ್ರಮ್ ಹಾಸನ್’ ಎಂದರೆ ನೇರ.

ಒಂದು ಕುತೂಹಲ: ಹಳೆಯ ಇಂಗ್ಲಿಷಿನಲ್ಲಿ ‘ಓನ್’ (ಒಡೆಯನಾಗು) ಮತ್ತು ‘ಓ’ (ಸಾಲಗಾರನಾಗು) ಒಂದೇ ಬೇರಿನಿಂದ ಬಂದ ಪದಗಳು. ‘ಓ’ಗೂ ಮೊದಲು ಇದ್ದ ಅರ್ಥ ಹೊಂದಿರುವುದು ಎಂದೇ. ಬ್ಯಾಂಕ್ ಸಾಲದಲ್ಲಿ ಮನೆ ಕಟ್ಟಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಅಪಾಸ್ಟ್ರಫಿ, ‘ಆಫ್’, ಅಥವಾ ಎರಡು ನಾಮಪದ ಪಕ್ಕಪಕ್ಕ

ಕನ್ನಡದ ಷಷ್ಠಿ ಒಂದೇ: ರಾಜುವಿನ ಬೈಕು, ಮೇಜಿನ ಕಾಲು, ನಿನ್ನೆಯ ಪತ್ರಿಕೆ, ಕಾಫಿಯ ಲೋಟ. ಇಂಗ್ಲಿಷಿನಲ್ಲಿ ಇಲ್ಲಿ ಮೂರು ದಾರಿ ಕವಲೊಡೆಯುತ್ತವೆ, ನಿಜವಾದ ಆಯ್ಕೆ ಇರುವುದೂ ಇಲ್ಲಿಯೇ.

ಜೀವವಿರುವವರಿಗೆ ಅಪಾಸ್ಟ್ರಫಿ (ಅಕ್ಷರದ ಮೇಲ್ಬದಿಯಲ್ಲಿ ಹಾಕುವ ಅಲ್ಪವಿರಾಮದಂಥ ಚಿಹ್ನೆ) ಮತ್ತು ಎಸ್: ‘ರಾಜು’ಸ್ ಬೈಕ್’. ‘ದ ಬೈಕ್ ಆಫ್ ರಾಜು’ ಎಂದರೆ ವ್ಯಾಕರಣ ಕೆಡುವುದಿಲ್ಲ, ಕಿವಿ ಕೆಡುತ್ತದೆ. ವಸ್ತುಗಳಿಗೆ ‘ಆಫ್’ ಎಂದು ಶಾಲೆಯಲ್ಲಿ ಕಲಿಸುತ್ತಾರೆ, ಅದು ಅರ್ಧ ಸತ್ಯ. ಕಾಲವಾಚಕಗಳು ಅಪಾಸ್ಟ್ರಫಿಯ ಕಡೆಗೇ ವಾಲುತ್ತವೆ: ‘ಯೆಸ್ಟರ್‌ಡೇ’ಸ್ ಪೇಪರ್’, ‘ಟೂ ವೀಕ್ಸ್’ ಲೀವ್’. ಊರು, ದೇಶ, ಸರ್ಕಾರ, ಸಂಸ್ಥೆಗಳಿಗೆ ಎರಡೂ ನಡೆಯುತ್ತವೆ. ಪತ್ರಿಕೆಯವರಿಗೆ ಜಾಗ ಉಳಿಯುವುದರಿಂದ ಅಪಾಸ್ಟ್ರಫಿ ಇಷ್ಟ, ಸರ್ಕಾರಿ ಸುತ್ತೋಲೆಗಳಿಗೆ ‘ಆಫ್’ ಇಷ್ಟ.

ಆಯ್ಕೆಯನ್ನು ನಿರ್ಧರಿಸುವ ಇನ್ನೊಂದು ಸಂಗತಿ ಉದ್ದ. ‘ನಿನ್ನೆ ಬಂದಿದ್ದ ಮನುಷ್ಯನ ಹೆಸರು’ ಎಂಬಲ್ಲಿ ಒಡೆಯ ಮನುಷ್ಯನೇ ಆದರೂ ‘ದ ನೇಮ್ ಆಫ್ ದ ಮ್ಯಾನ್ ಹೂ ಕೇಮ್ ಯೆಸ್ಟರ್‌ಡೇ’ ಎನ್ನುವುದೇ ವಾಸಿ. ಭಾರವಾದ ಭಾಗ ಕೊನೆಗೆ ಹೋಗಬೇಕು. ನಮ್ಮ ಷಷ್ಠಿ ಎಷ್ಟು ಉದ್ದದ ಸರಪಳಿಯನ್ನಾದರೂ ಎಳೆಯುತ್ತದೆ: ‘ನಮ್ಮ ಅಣ್ಣನ ಹೆಂಡತಿಯ ತಮ್ಮನ ಬೈಕು’. ಇದಕ್ಕೆ ಮೂರು ‘ಆಫ್’ ಹಾಕಿದರೆ ಉಸಿರು ಕಟ್ಟುತ್ತದೆ, ಬರಿಯ ಅಪಾಸ್ಟ್ರಫಿಗಳಿಂದ ಕಟ್ಟಿದರೆ ಕೇಳುವವರು ಬೈಕಿನ ಹತ್ತಿರ ತಲುಪುವಷ್ಟರಲ್ಲಿ ಅಣ್ಣನನ್ನು ಮರೆತಿರುತ್ತಾರೆ. ‘ಮೈ ಸಿಸ್ಟರ್ ಇನ್ ಲಾ’ಸ್ ಬ್ರದರ್’ ಎಂದು ನಂಟನ್ನು ಮೊದಲು ಮೊಟಕು ಮಾಡಿ, ಆಮೇಲೆ ಬೈಕು ತನ್ನಿ.

ಮೂರನೆಯ ದಾರಿಯಲ್ಲಿ ಪ್ರತ್ಯಯವೂ ಇಲ್ಲ, ‘ಆಫ್’ ಕೂಡ ಇಲ್ಲ: ‘ಕಾರ್ ಕೀ’, ‘ಕಿಚನ್ ಡೋರ್’, ‘ಟೇಬಲ್ ಲೆಗ್’. ಇಲ್ಲಿ ಮೊದಲ ಪದ ಒಡೆಯನನ್ನು ಬಿಟ್ಟು ಬಗೆಯನ್ನು ಹೇಳುತ್ತದೆ. ‘ದ ಡಾಗ್’ಸ್ ಫುಡ್’ ಆ ನಾಯಿಯ ಪಾಲಿನ ಅನ್ನ, ‘ಡಾಗ್ ಫುಡ್’ ಅಂಗಡಿಯಲ್ಲಿ ಮಾರುವ ನಾಯಿ ತಿಂಡಿ. ‘ಎ ಕಪ್ ಆಫ್ ಕಾಫಿ’ಯಲ್ಲಿ ಕಾಫಿ ಇದೆ, ‘ಎ ಕಾಫಿ ಕಪ್’ ಖಾಲಿ ಇದ್ದರೂ ಕಾಫಿ ಕಪ್ಪೇ. ಹೋಟೆಲಿನಲ್ಲಿ ಎರಡನೆಯದನ್ನು ಕೇಳಿದರೆ ಮಾಣಿ ಬರಿಗಪ್ಪು ತಂದಿಟ್ಟರೂ ಜಗಳವಾಡುವಂತಿಲ್ಲ. ಮೊದಲ ಪದಕ್ಕೆ ಬಹುವಚನ ಸಾಮಾನ್ಯವಾಗಿ ಬಾರದು. ಚಪ್ಪಲಿ ನೂರಿದ್ದರೂ ಅದು ‘ಶೂ ಶಾಪ್’, ಹಲ್ಲು ಮೂವತ್ತೆರಡಿದ್ದರೂ ‘ಟೂತ್‌ಬ್ರಷ್’. ನಮಗೆ ಚೆನ್ನಾಗಿ ಪರಿಚಯವಿರುವ ಗೂಡ್ಸ್ ರೈಲು, ಸ್ಪೋರ್ಟ್ಸ್ ಡೇ, ಸೇವಿಂಗ್ಸ್ ಅಕೌಂಟ್ ಇದಕ್ಕೆ ಅಪವಾದಗಳು.

ಸಂಸ್ಥೆಗಳ ಹೆಸರಿನಲ್ಲಿ ಆಯ್ಕೆ ನಮ್ಮದಲ್ಲ, ಇಟ್ಟವರದು. 1916ರಲ್ಲಿ ಶುರುವಾದದ್ದು ಅಧಿಕೃತವಾಗಿ ‘ಯೂನಿವರ್ಸಿಟಿ ಆಫ್ ಮೈಸೂರ್’, 1964ರದ್ದು ‘ಬ್ಯಾಂಗಲೋರ್ ಯೂನಿವರ್ಸಿಟಿ’. ಮಾತಿನಲ್ಲಿ ಹೇಗೆ ಹೇಳಿದರೂ ಅರ್ಜಿಯಲ್ಲಿ ಪದವಿ ಪ್ರಮಾಣಪತ್ರದಲ್ಲಿರುವಂತೆಯೇ ಬರೆಯಿರಿ. ಬೆಂಗಳೂರಿನ ನಡುವೆ ಓಡಾಡಿದರೆ ಎರಡು ಮಾದರಿಗಳೂ ಕಾಣುತ್ತವೆ. ಮಾರ್ಕ್ ಕಬ್ಬನ್ನರ ಹೆಸರಿನ ಉದ್ಯಾನ ‘ಕಬ್ಬನ್ ಪಾರ್ಕ್’, ಎಸ್ ಇಲ್ಲ. ಸಂತ ಮಾರ್ಕನ ಚರ್ಚಿನ ರಸ್ತೆ ‘ಸೇಂಟ್ ಮಾರ್ಕ್ಸ್ ರೋಡ್’, ಎಸ್ ಇದೆ.

‘ಮೈ ಫ್ರೆಂಡ್’ ಮತ್ತು ‘ಎ ಫ್ರೆಂಡ್ ಆಫ್ ಮೈನ್’

‘ನನ್ನ ಒಬ್ಬ ಸ್ನೇಹಿತ’ ಎಂಬುದು ‘ಮೈ ಒನ್ ಫ್ರೆಂಡ್’ ಆಗಿ ಹೊರಬಿದ್ದರೆ, ಪಾಪ, ಇವರಿಗೆ ಇರುವುದೇ ಒಬ್ಬ ಗೆಳೆಯ ಎಂಬ ಅರ್ಥ ಬರುತ್ತದೆ. ‘ಎ ಫ್ರೆಂಡ್ ಆಫ್ ಮೈನ್’ ಅಥವಾ ‘ಒನ್ ಆಫ್ ಮೈ ಫ್ರೆಂಡ್ಸ್’ ಎನ್ನಿ. ಎರಡನೆಯದರಲ್ಲಿ ಆ ಕೊನೆಯ ಬಹುವಚನವನ್ನು ನುಂಗಬೇಡಿ. ‘ಒನ್ ಆಫ್ ಮೈ ಫ್ರೆಂಡ್’ ಎಂಬುದನ್ನು ನಾನು ತಿದ್ದಿದಷ್ಟು ಇನ್ನಾವುದನ್ನೂ ತಿದ್ದಿಲ್ಲ.

ಇದೇ ರಚನೆ ಕನ್ನಡ ತಾನಾಗಿ ಬಿಡಿಸದ ಒಂದು ಗಂಟನ್ನು ಬಿಡಿಸುತ್ತದೆ. ‘ರಾಜುವಿನ ಫೋಟೊ’ ಎಂದರೆ ರಾಜು ಇರುವ ಫೋಟೊವೋ, ರಾಜುವಿನ ಹತ್ತಿರ ಇರುವ ಫೋಟೊವೋ? ‘ಎ ಫೋಟೊ ಆಫ್ ರಾಜು’ ಎಂದರೆ ಚಿತ್ರದಲ್ಲಿರುವುದು ರಾಜು. ‘ಎ ಫೋಟೊ ಆಫ್ ರಾಜು’ಸ್’ ಎಂದರೆ ಫೋಟೊ ರಾಜುವಿನದು, ಅದರಲ್ಲಿ ಯಾರಿದ್ದಾರೋ ಬೇರೆ ಮಾತು.

‘ನಮ್ಮ’ ಎಂದಾಗ ‘ಅವರ್’ ಬೇಡ, ಏನೂ ಇಲ್ಲದಾಗ ‘ಮೈ’ ಬೇಕು

ನಾವು ‘ನಮ್ಮ ಮನೆ’, ‘ನಮ್ಮಪ್ಪ’, ‘ನಮ್ಮ ಊರು’ ಎನ್ನುತ್ತೇವೆ, ಮಾತನಾಡುವವರು ಒಬ್ಬರೇ ಆಗಿದ್ದರೂ. ಇಂಗ್ಲಿಷಿನಲ್ಲಿ ಅದು ‘ಮೈ ಹೌಸ್’, ‘ಮೈ ಫಾದರ್’. ಒಡಹುಟ್ಟಿದವರ ಜೊತೆ ಕೂತಿದ್ದಾಗ ‘ಅವರ್ ಫಾದರ್’ ಸರಿಯೇ. ಆದರೆ ‘ನಮ್ಮ ಯಜಮಾನರು’ ಎಂಬುದನ್ನು ‘ಅವರ್ ಹಸ್ಬೆಂಡ್’ ಎಂದು ಯಾವ ಸಂದರ್ಭದಲ್ಲೂ ಅನುವಾದಿಸಬಾರದು.

ಇದಕ್ಕೆ ವಿರುದ್ಧವಾದ ಅಭ್ಯಾಸವೂ ನಮ್ಮಲ್ಲಿದೆ. ತನ್ನದೇ ಮೈಯ ಅಂಗಗಳ ವಿಷಯದಲ್ಲಿ ಕನ್ನಡ ಸಾಮಾನ್ಯವಾಗಿ ಒಡೆಯನನ್ನು ಹೇಳುವುದಿಲ್ಲ. ‘ಕೈ ತೊಳೆದುಕೊಂಡೆ’ ಎಂದರೆ ಸಾಕು, ಯಾರ ಕೈ ಎಂಬುದನ್ನು ‘ಕೊಳ್ಳು’ ಸೂಚಿಸುತ್ತದೆ. ಇಂಗ್ಲಿಷಿನಲ್ಲಿ ಅಂಥ ಸಹಾಯಕ ಕ್ರಿಯಾಪದವಿಲ್ಲದ ಕಾರಣ ‘ಐ ವಾಷ್ಡ್ ಮೈ ಹ್ಯಾಂಡ್ಸ್’ ಎಂದು ಪ್ರತಿ ಸಲವೂ ‘ಮೈ’ ಬೇಕು. ಆದರೆ ಬೇರೊಬ್ಬರು ಮುಟ್ಟಿದರೆ, ಹೊಡೆದರೆ ಲೆಕ್ಕ ಬದಲಾಗುತ್ತದೆ. ‘ಅವನ ತಲೆಗೆ ಹೊಡೆದರು’ ಎಂಬುದು ‘ದೇ ಹಿಟ್ ಹಿಮ್ ಆನ್ ದ ಹೆಡ್’. ಪೆಟ್ಟು ಬಿದ್ದದ್ದು ಮನುಷ್ಯನಿಗೆ ಎಂದು ಮೊದಲು ಹೇಳಿ, ಆಮೇಲೆ ಜಾಗ ತೋರಿಸುತ್ತಾರೆ. ತಲೆ ಯಾರದೆಂದು ಎರಡನೆಯ ಸಲ ಹೇಳುವ ಅಗತ್ಯ ಬೀಳುವುದಿಲ್ಲ.

ಅಪಾಸ್ಟ್ರಫಿ ಎಲ್ಲಿ ಕೂರಬೇಕು

ಏಕವಚನಕ್ಕೆ ಎಸ್‌ಗಿಂತ ಮೊದಲು, ಎಸ್‌ನಲ್ಲಿ ಮುಗಿಯುವ ಬಹುವಚನಕ್ಕೆ ಎಸ್ ಆದ ಮೇಲೆ. ‘ಚಿಲ್ಡ್ರನ್’ ಎಸ್ ಇಲ್ಲದ ಬಹುವಚನ, ಆದ್ದರಿಂದ ‘ಚಿಲ್ಡ್ರನ್’ಸ್’. ಗಂಡಹೆಂಡತಿ ಇಬ್ಬರಿಗೂ ಸೇರಿದ ಒಂದೇ ಮನೆಯಾದರೆ ಎರಡನೆಯ ಹೆಸರಿಗೆ ಮಾತ್ರ ಅಪಾಸ್ಟ್ರಫಿ, ಇಬ್ಬರಿಗೂ ಬೇರೆ ಬೇರೆ ಮನೆಗಳಿದ್ದರೆ ಎರಡಕ್ಕೂ. ‘ಅದರ’ ಎಂಬ ಅರ್ಥದ ‘ಇಟ್ಸ್’ಗೆ ಅಪಾಸ್ಟ್ರಫಿ ಇಲ್ಲ, ‘ಇಟ್ ಈಸ್’ ಕುಗ್ಗಿದಾಗ ಇದೆ. ಇದು ಎಂದಿನಿಂದಲೂ ಹೀಗಿರಲಿಲ್ಲ. 1611ರ ಇಂಗ್ಲಿಷ್ ಬೈಬಲ್ ಅನುವಾದಕಾರರು ‘ಇಟ್ಸ್’ ಬಿಟ್ಟು ವಸ್ತುಗಳಿಗೂ ‘ಹಿಸ್’ ಎಂದೇ ಬರೆದರು, ಇಲ್ಲವೇ ‘ದೇರಾಫ್’ ಎಂದು ಸುತ್ತಿ ಬಂದರು. ಹದಿನೆಂಟನೆಯ ಶತಮಾನದಲ್ಲೂ ಸಂಬಂಧಸೂಚಕ ‘ಇಟ್ಸ್’ಗೆ ಅಪಾಸ್ಟ್ರಫಿ ಹಾಕುವವರಿದ್ದರು.

ಇಂಗ್ಲಿಷ್ ಹುಟ್ಟಿದ ನೆಲದಲ್ಲೇ ಈ ಚಿಹ್ನೆಯ ಬಗ್ಗೆ ಒಮ್ಮತವಿಲ್ಲ. ಲಂಡನ್ನಿನ ಸುರಂಗ ರೈಲಿನ ಪಿಕಡಿಲಿ ಮಾರ್ಗದಲ್ಲಿ ‘ಅರ್ಲ್’ಸ್ ಕೋರ್ಟ್’ ನಿಲ್ದಾಣಕ್ಕೆ ಅಪಾಸ್ಟ್ರಫಿ ಇದೆ, ಪಕ್ಕದ ‘ಬ್ಯಾರನ್ಸ್ ಕೋರ್ಟ್’ಗೆ ಇಲ್ಲ. ಅಮೆರಿಕದಲ್ಲಿ 1890ರಲ್ಲಿ ಸ್ಥಾಪನೆಯಾದ ಭೌಗೋಳಿಕ ಹೆಸರುಗಳ ಮಂಡಳಿ ಊರು ಬೆಟ್ಟಗಳ ಹೆಸರಿನಿಂದ ಒಡೆತನದ ಅಪಾಸ್ಟ್ರಫಿಯನ್ನೇ ತೆಗೆದುಹಾಕುತ್ತ ಬಂದಿದೆ. ‘ಮಾರ್ಥಾ’ಸ್ ವಿನ್ಯರ್ಡ್’ನಂಥ ಬೆರಳೆಣಿಕೆಯ ಹೆಸರುಗಳಿಗೆ ಮಾತ್ರ ವಿನಾಯಿತಿ.

ಶ್ರೀನಿವಾಸ್, ದಾಸ್, ಥಾಮಸ್ ಎಂಬ ಹೆಸರಿನವರ ಪಾಡು ಬೇರೆ. ಕೊನೆಯಲ್ಲಿ ಇನ್ನೊಂದು ಎಸ್ ಸೇರಿಸಬೇಕೋ, ಬರಿಯ ಅಪಾಸ್ಟ್ರಫಿ ಸಾಕೋ? ಲಂಡನ್ನಿನ ಉದ್ಯಾನ ‘ಸೇಂಟ್ ಜೇಮ್ಸ್’ಸ್ ಪಾರ್ಕ್’ ಎಂದು ಎಸ್ ಸೇರಿಸಿಕೊಂಡಿದೆ, ನ್ಯೂಕ್ಯಾಸಲ್ಲಿನ ಫುಟ್‌ಬಾಲ್ ಮೈದಾನ ‘ಸೇಂಟ್ ಜೇಮ್ಸ್’ ಪಾರ್ಕ್’ ಎಂದು ಬಿಟ್ಟಿದೆ. ಉಚ್ಚರಿಸುವಾಗ ‘ಶ್ರೀನಿವಾಸಸ್’ ಎಂದು ಎಸ್ ಕೇಳಿಸುತ್ತದೆಯಾದ್ದರಿಂದ ನಾನು ಬರೆಯುವಾಗಲೂ ಸೇರಿಸುತ್ತೇನೆ. ನೀವು ಬಿಟ್ಟರೂ ತಕರಾರಿಲ್ಲ, ಆದರೆ ಒಂದೇ ಅರ್ಜಿಯ ಮೊದಲ ಪುಟದಲ್ಲಿ ಒಂದು, ಮೂರನೆಯ ಪುಟದಲ್ಲಿ ಇನ್ನೊಂದು ಬರೆಯಬೇಡಿ. ಶ್ರೀನಿವಾಸರು ಒಬ್ಬರೋ ಇಬ್ಬರೋ ಎಂದು ಗುಮಾಸ್ತರು ಕಡತ ವಾಪಸು ಕಳಿಸಿಯಾರು.